ಎರಡು ಬಕೆಟ್ ಕಾಂಪೋಸ್ಟ್, ಎರಡು ಚಮಚ ಯೂರಿಯಾ

ಪ್ರಶ್ನೆ: ಮನೆಯ ಹಿಂದೆ ಸುಮಾರು ನಾಲ್ಕು ಚದರ ಮೀಟರಿನ ತರಕಾರಿ ಪಾತಿ ಇದೆ, ತಾರಸಿಯ ಮೇಲೆ ಹತ್ತು ಹನ್ನೆರಡು ಕುಂಡಗಳಿವೆ. ಎರಡು ವರ್ಷಗಳಿಂದ ಮನೆಯಲ್ಲೇ ಮಾಡಿದ ಕಾಂಪೋಸ್ಟ್ ಬಿಟ್ಟು ಬೇರೇನನ್ನೂ ಹಾಕಿರಲಿಲ್ಲ. ಈ ಸಲ ಟೊಮ್ಯಾಟೊ ಗಿಡಗಳ ಕೆಳಗಿನ ಎಲೆಗಳು ಹಳದಿಯಾಗತೊಡಗಿದವು. ಗೆಳೆಯರೊಬ್ಬರ ಮಾತು ಕೇಳಿ ಪ್ರತಿ ಗಿಡದ ಬುಡಕ್ಕೂ ಒಂದೊಂದು ಹಿಡಿ ಯೂರಿಯಾ ಹಾಕಿದೆ. ಕುಂಡದ ಗಿಡಗಳು ನಾಲ್ಕೇ ದಿನಗಳಲ್ಲಿ ಸುಟ್ಟಂತಾದವು. ಪಾತಿಯಲ್ಲಿದ್ದವು ಉಳಿದುಕೊಂಡು ಆಳೆತ್ತರ ಬೆಳೆದಿವೆ, ಆದರೆ ಹೂವನ್ನೇ ಬಿಡುತ್ತಿಲ್ಲ. ರಸಗೊಬ್ಬರ ಮಣ್ಣನ್ನು ಕೊಲ್ಲುತ್ತದೆ ಎನ್ನುವುದು ನಿಜವೇ? ಕಾಂಪೋಸ್ಟ್, ರಸಗೊಬ್ಬರ ಎರಡರಲ್ಲಿ ನಾನು ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅನಾಹುತಗಳಿವೆ, ಒಂದು ಸಿದ್ಧಾಂತವಿದೆ. ಸಿದ್ಧಾಂತ ಕಾಯಲಿ, ಅನಾಹುತಗಳನ್ನು ಮೊದಲು ನೋಡೋಣ.

ಹಿಡಿ ಎಂದರೆ ಕಡಿಮೆಯೆಂದರೂ 40 ಗ್ರಾಂ. ಯೂರಿಯಾದ ತೂಕದಲ್ಲಿ ಶೇಕಡ 46 ಭಾಗ ಸಾರಜನಕ. ಅಂದರೆ ಒಂದೊಂದು ಗಿಡಕ್ಕೂ ನೀವು ಸುಮಾರು 20 ಗ್ರಾಂ ಸಾರಜನಕ ಸುರಿದಿದ್ದೀರಿ. ತರಕಾರಿ ಪಾತಿಯ ಒಂದು ಚದರ ಮೀಟರಿಗೆ ಇಡೀ ಬೆಳೆಯ ಅವಧಿಯಲ್ಲಿ ಬೇಕಾಗುವುದು 10ರಿಂದ 15 ಗ್ರಾಂ. ಕುಂಡದ ಲೆಕ್ಕದಲ್ಲಿ ಹೇಳುವುದಾದರೆ ಇನ್ನೂ ಭಯಂಕರ: ಶೇಕಡ 19 ಸಾರಜನಕವಿರುವ 19-19-19 ಎಂಬ ರಸಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂನಂತೆ ಕರಗಿಸಿ ಕೊಡುವ ನೀರಿನಲ್ಲಿ 0.19 ಗ್ರಾಂ ಸಾರಜನಕ ಇರುತ್ತದೆ. ನಿಮ್ಮ ಒಂದು ಹಿಡಿ ಅಂಥ ನೂರು ಲೀಟರ್ ನೀರಿಗೆ ಸಮ. ಅದು ಒಂದೇ ದಿನ, ಒಂದೇ ಕುಂಡಕ್ಕೆ. ಯೂರಿಯಾ ಮಣ್ಣಿನಲ್ಲಿ ಕೆಲವೇ ದಿನಗಳಲ್ಲಿ ಅಮೋನಿಯಾ ರೂಪಕ್ಕೆ ತಿರುಗುತ್ತದೆ. ಆ ಪ್ರಮಾಣದ ಅಮೋನಿಯಾವನ್ನು ಬೇರಿನ ತುದಿಗಳು ತಾಳಲಾರವು. ಜೊತೆಗೆ ಕುಂಡದ ನೀರು ಬೇರಿನೊಳಗಿನ ರಸಕ್ಕಿಂತ ಗಾಢವಾಗಿಬಿಟ್ಟರೆ ಬೇರು ನೀರನ್ನು ಎಳೆದುಕೊಳ್ಳುವ ಬದಲು ಬಿಟ್ಟುಕೊಡುತ್ತದೆ. ಎಲೆಯ ಅಂಚು ಮೊದಲು ಸುಡುವುದು ಅದಕ್ಕೇ. ಗಿಡ ಒದ್ದೆ ಮಣ್ಣಿನಲ್ಲೇ ನಿಂತು ಬಾಯಾರಿ ಸಾಯುತ್ತದೆ.

ಪಾತಿಯಲ್ಲಿ ಮಣ್ಣು ಹೆಚ್ಚು, ಬೇರು ಓಡಾಡಲು ಜಾಗವಿತ್ತು, ಹಾಗಾಗಿ ಗಿಡ ಉಳಿಯಿತು. ಆದರೆ ಅತಿಯಾದ ಸಾರಜನಕ ಸಿಕ್ಕ ಟೊಮ್ಯಾಟೊ ಎಲೆ, ಕಾಂಡಗಳ ಹಿಂದೆ ಬೀಳುತ್ತದೆ. ಬೆಳೆಯಲು ಇಷ್ಟು ಅನುಕೂಲವಿರುವಾಗ ಬೀಜ ಕಟ್ಟುವ ಅವಸರ ಅದಕ್ಕಿಲ್ಲ.

ಇದರಿಂದ ರಸಗೊಬ್ಬರ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಕೆಟ್ಟದ್ದು ಹಿಡಿ ಎಂಬ ಅಳತೆ. ಕಾಂಪೋಸ್ಟನ್ನು ಹಿಡಿಯಲ್ಲಿ ಹಾಕಿ ರೂಢಿಯಾದ ಕೈಗೆ ಯೂರಿಯಾ ಸಿಕ್ಕಾಗ ಹೀಗಾಗುತ್ತದೆ. ಮನೆಯ ತೋಟದಲ್ಲಿ ರಸಗೊಬ್ಬರ ಬಳಸುವವರು ಮೊದಲು ಕೊಳ್ಳಬೇಕಾದದ್ದು ಗ್ರಾಂ ತೋರಿಸುವ ಒಂದು ಸಣ್ಣ ತಕ್ಕಡಿ ಎನ್ನುವುದು ನನ್ನ ಹಳೆಯ ಹಟ.

ಈಗ ಮೊದಲನೆಯ ಪ್ರಶ್ನೆಗೆ, ಅಂದರೆ ಕಾಂಪೋಸ್ಟ್ ಹಾಕಿಯೂ ಎಲೆ ಹಳದಿಯಾದದ್ದೇಕೆ ಎನ್ನುವುದಕ್ಕೆ ಬರೋಣ. ಇದೇ ನಿಜವಾದ ಒಗಟು. ಸಾರಜನಕ ಗಿಡದೊಳಗೆ ಸುಲಭವಾಗಿ ಸಾಗುವ ವಸ್ತು. ಕೊರತೆಯಾದಾಗ ಗಿಡ ಹಳೆಯ ಎಲೆಗಳಿಂದ ಅದನ್ನು ಕಿತ್ತು ಹೊಸ ಚಿಗುರಿಗೆ ಕಳಿಸುತ್ತದೆ. ಹೀಗಾಗಿ ಹಳದಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕಬ್ಬಿಣ ಅಷ್ಟು ಸುಲಭವಾಗಿ ಕದಲುವುದಿಲ್ಲ. ಅದರ ಕೊರತೆಯಲ್ಲಿ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿರುತ್ತವೆ. ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೂ ಕೆಳಗಿನ ಎಲೆ ಹಳದಿಯಾಗುತ್ತದೆ ಎನ್ನುವುದು ನೆನಪಿರಲಿ. ಗೊಬ್ಬರದ ಚೀಲ ಬಿಚ್ಚುವ ಮೊದಲು ಎರಡು ಇಂಚು ಆಳಕ್ಕೆ ಬೆರಳು ಇಳಿಸಿ ನೋಡಿ. ನೀವು ವಿವರಿಸಿದ್ದು ಸಾರಜನಕದ ಹಸಿವೇ ಇರಬೇಕು, ಏಕೆಂದರೆ ಯೂರಿಯಾ ಬಿದ್ದ ಕೂಡಲೇ ಪಾತಿಯ ಗಿಡಗಳು ಹಾಗೆ ಚಿಗಿತವು.

ಕಾಂಪೋಸ್ಟ್ ತುಂಬಿದ ಮಣ್ಣಿನಲ್ಲಿ ಸಾರಜನಕದ ಹಸಿವೆ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರಿನ ಮೇಲೆ ಎರಡು ಸೆಂಟಿಮೀಟರ್ ದಪ್ಪ ಕಾಂಪೋಸ್ಟ್ ಹರಡಿದರೆ 20 ಲೀಟರ್, ಅಂದರೆ ಎರಡು ಬಕೆಟ್ ಬೇಕು. ತೂಕ 10ರಿಂದ 12 ಕಿಲೋ. ಅದರಲ್ಲಿ ಅರ್ಧದಷ್ಟು ನೀರು. ಉಳಿದ ಐದಾರು ಕಿಲೋ ಒಣ ಪದಾರ್ಥದಲ್ಲಿ ಶೇಕಡ ಒಂದೂವರೆಯಿಂದ ಎರಡು ಸಾರಜನಕ ಎಂದಿಟ್ಟುಕೊಳ್ಳಿ. ಸುಮಾರು 90 ಗ್ರಾಂ ಆಯಿತು. ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು! ಆದರೆ ಅದೆಲ್ಲ ಸತ್ತ ಜೀವಕೋಶಗಳ ಪ್ರೋಟೀನಿನಲ್ಲಿ, ಕೊಳೆತು ಉಳಿದ ಕಪ್ಪು ಪದಾರ್ಥವಾದ ಹ್ಯೂಮಸ್ಸಿನಲ್ಲಿ ಹೆಣೆದುಕೊಂಡು ಕೂತಿದೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಂ, ನೈಟ್ರೇಟ್ ಮಾಡಿದ ಮೇಲೆಯೇ ಬೇರಿಗೆ ಅದು ದಕ್ಕುತ್ತದೆ. ಮೊದಲ ವರ್ಷ ಹಾಗೆ ಬಿಡುಗಡೆಯಾಗುವುದು ಶೇಕಡ 10ರಿಂದ 15 ಮಾತ್ರ. 90ರಲ್ಲಿ ಗಿಡದ ಪಾಲಿಗೆ ಬಂದದ್ದು ಹತ್ತು ಗ್ರಾಂ ಚಿಲ್ಲರೆ.

ಅದೇ ಹತ್ತು ಗ್ರಾಂ ಯೂರಿಯಾದಿಂದ ಬರಬೇಕೆಂದರೆ 22 ಗ್ರಾಂ ಸಾಕು. ಎರಡು ದೊಡ್ಡ ಚಮಚ.

ನಿಮ್ಮ ಪ್ರಶ್ನೆಯ ಹೆಚ್ಚಿನ ಉತ್ತರ ಈ ಹೋಲಿಕೆಯಲ್ಲೇ ಇದೆ. ಎರಡು ಬಕೆಟ್ ಒಂದು ಕಡೆ, ಎರಡು ಚಮಚ ಇನ್ನೊಂದು ಕಡೆ. ಈ ವರ್ಷ ಗಿಡಕ್ಕೆ ಸಿಗುವ ಸಾರಜನಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಬಕೆಟ್ ಹೊರುವುದು ಯಾಕೆ? ಬಕೆಟ್‌ನಲ್ಲಿ ಉಳಿದದ್ದು ಮಣ್ಣಿನ ಪಾಲು. ಮರಳುಮಣ್ಣಿಗೆ ಅದು ನೀರು ಹಿಡಿದಿಡುವ ಶಕ್ತಿ ಕೊಡುತ್ತದೆ. ಜೇಡಿಮಣ್ಣಿನ ಹೆಂಟೆಯನ್ನು ಪುಡಿಪುಡಿಯಾದ ಹರಳುಗಳಾಗಿ ಬಿಡಿಸಿ ಗಾಳಿಗೆ ದಾರಿ ಮಾಡುತ್ತದೆ. ಪೊಟ್ಯಾಷ್, ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನೊಂದಿಗೆ ಕೊಚ್ಚಿಹೋಗದಂತೆ ಹಿಡಿದುಕೊಳ್ಳುತ್ತದೆ. ಸತು, ಬೋರಾನ್, ತಾಮ್ರದಂಥ ಲಘು ಪೋಷಕಾಂಶಗಳನ್ನು ಚಿಟಿಕೆ ಚಿಟಿಕೆಯಾಗಿ ತರುತ್ತದೆ. ಯೂರಿಯಾ ಇದಾವುದನ್ನೂ ಮಾಡುವುದಿಲ್ಲ. ಕಾಂಪೋಸ್ಟನ್ನು ಗೊಬ್ಬರ ಎಂದು ಕರೆದು ನಾವು ಅದಕ್ಕೂ ಅನ್ಯಾಯ ಮಾಡುತ್ತೇವೆ, ಗಿಡಕ್ಕೂ ಅನ್ಯಾಯ ಮಾಡುತ್ತೇವೆ. ಕಾಂಪೋಸ್ಟ್ ಮಣ್ಣು ಕಟ್ಟುವ ಸಾಮಗ್ರಿ. ರಸಗೊಬ್ಬರ ಗಿಡದ ಊಟ. ಮನೆ ಕಟ್ಟುವ ಇಟ್ಟಿಗೆಯಿಂದ ಹೊಟ್ಟೆ ತುಂಬಲಿಲ್ಲ ಎಂದು ಯಾರೂ ದೂರುವುದಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ಗುಮಾನಿ ನನಗಿದೆ. ಮನೆಯ ಕಾಂಪೋಸ್ಟ್ ಪೂರ್ತಿ ಕಳಿತಿರಲಿಲ್ಲವೇನೋ. ಸೂಕ್ಷ್ಮಾಣುಜೀವಿಗಳಿಗೂ ಸಾರಜನಕ ಬೇಕು. ರಾಶಿಯಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ 25–30ಕ್ಕೆ ಒಂದರಂತೆ ಇದ್ದಾಗ ಕೊಳೆಯುವಿಕೆ ಚೆನ್ನಾಗಿ ಸಾಗುತ್ತದೆ. ತರಕಾರಿ ಸಿಪ್ಪೆ, ಹಸಿ ಹುಲ್ಲುಗಳಲ್ಲಿ ಅದು ಸುಮಾರು 20ಕ್ಕೆ ಒಂದು. ತರಗೆಲೆಯಲ್ಲಿ 40ರಿಂದ 80. ಮರದ ಹೊಟ್ಟಿನಲ್ಲಿ ನೂರಾರು. ಅರ್ಧ ಕಳಿತ ಎಲೆ, ಹೊಟ್ಟುಗಳನ್ನು ಮಣ್ಣಿಗೆ ಬೆರೆಸಿದರೆ ಕೊಳೆಸುವ ಕೆಲಸ ಪಾತಿಯಲ್ಲೇ ಮುಂದುವರಿಯುತ್ತದೆ, ಅದಕ್ಕೆ ಬೇಕಾದ ಸಾರಜನಕವನ್ನು ಸೂಕ್ಷ್ಮಾಣುಗಳು ಬೇರಿನ ಬಾಯಿಂದಲೇ ಕಸಿಯುತ್ತವೆ. ಗೊಬ್ಬರ ಹಾಕಿದಷ್ಟೂ ಗಿಡ ಹಳದಿಯಾಗುವ ವಿಚಿತ್ರ ಹೀಗೆ ನಡೆಯುತ್ತದೆ. ಕೆಲವು ತಿಂಗಳಲ್ಲಿ ಆ ಸಾಲ ಮರಳಿ ಬರುತ್ತದೆ ನಿಜ, ಅಷ್ಟರಲ್ಲಿ ಟೊಮ್ಯಾಟೊ ಕಾಲ ಮುಗಿದಿರುತ್ತದೆ.

ಕಳಿತಿದೆಯೇ ಎಂದು ತಿಳಿಯುವುದಕ್ಕೆ ಪ್ರಯೋಗಾಲಯ ಬೇಡ. ಒಂದು ಮುಷ್ಟಿ ಒದ್ದೆ ಕಾಂಪೋಸ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ನೆರಳಿನಲ್ಲಿಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು. ಮೂಗಿಗೆ ಅಮೋನಿಯಾ ಘಾಟು ಬಡಿದರೆ, ಹುಳಿ ನಾತ ಬಂದರೆ ಇನ್ನೂ ಕಾಯಬೇಕು. ಇನ್ನೊಂದು ಪರೀಕ್ಷೆ ಬೀಜದ್ದು: ಒಂದು ತಟ್ಟೆಯಲ್ಲಿ ಕಾಂಪೋಸ್ಟ್, ಇನ್ನೊಂದರಲ್ಲಿ ನಂಬಿಕೆಯ ಮಣ್ಣು, ಎರಡರಲ್ಲೂ ಹತ್ತು ಹತ್ತು ಮೂಲಂಗಿ ಬೀಜ. ಒಂದು ವಾರದಲ್ಲಿ ತಟ್ಟೆಗಳೇ ಹೇಳುತ್ತವೆ. ಹೊರಗಿನಿಂದ ತಂದ ಕೊಟ್ಟಿಗೆ ಗೊಬ್ಬರಕ್ಕಾದರೆ ಮೂಲಂಗಿಯ ಜೊತೆ ನಾಲ್ಕು ಹುರುಳಿಕಾಯಿ ಬೀಜವನ್ನೂ ಹಾಕಿ. ಹುಲ್ಲುಗಾವಲಿಗೆ ಸಿಂಪಡಿಸುವ ಅಮಿನೋಪೈರಾಲಿಡ್‌ನಂಥ ಕಳೆನಾಶಕಗಳು ಮೇವಿನಿಂದ ಸಗಣಿಗೆ, ಸಗಣಿಯಿಂದ ಕಾಂಪೋಸ್ಟಿಗೆ ಹಾಳಾಗದೆ ದಾಟಿ ಬರಬಲ್ಲವು. ಹುರುಳಿಕಾಯಿ, ಟೊಮ್ಯಾಟೊ ಗಿಡಗಳ ಚಿಗುರು ಜರೀಗಿಡದ ಎಲೆಯಂತೆ ಸುರುಟಿಕೊಂಡರೆ ಆ ಗೊಬ್ಬರ ತರಕಾರಿಗೆ ಬೇಡ. ‘ಸಾವಯವ’ ಎಂಬ ಪದ ಇದರಿಂದ ನಿಮ್ಮನ್ನು ಕಾಪಾಡುವುದಿಲ್ಲ.

ರೋಗಾಣು, ಕಳೆಬೀಜಗಳ ಬಗ್ಗೆ ಒಂದೇ ಮಾತು: ರಾಶಿಯ ಒಡಲು 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ, ಹೊರಗಿನದು ಒಳಗೆ ಬರುವಂತೆ ಮಗುಚಿ ಹಾಕಿದರೆ, ಹೆಚ್ಚಿನವು ಸಾಯುತ್ತವೆ. ಮನೆಯ ಸಣ್ಣ ಡ್ರಮ್ಮುಗಳು ಅಷ್ಟು ಬಿಸಿಯಾಗುವುದು ಅಪರೂಪ. ರೋಗ ಬಂದ ಗಿಡಗಳನ್ನು ಅದಕ್ಕೆ ಹಾಕಬೇಡಿ.

ಇನ್ನು ಸಿದ್ಧಾಂತ. ರಸಗೊಬ್ಬರ ಮಣ್ಣನ್ನು ಕೊಲ್ಲುತ್ತದೆಯೇ?

ಬೇರಿಗೆ ಓದು ಬರಹ ಬಾರದು. ಅಮೋನಿಯಂ ಚೀಲದಿಂದ ಬಂತೋ ಎರೆಹುಳುವಿನ ಹಿಕ್ಕೆಯಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. ಬೇರು ಹೀರುವ ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ, ಎರಡರಲ್ಲೂ ಒಂದೇ. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ಮುಟ್ಟಲಾರದು. 1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ತೋರಿಸಿದರು. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಅದರ ಕಾರ್ಖಾನೆ ಶುರುವಾಯಿತು. ಅದಕ್ಕೂ ಎಷ್ಟೋ ಕೋಟಿ ವರ್ಷ ಮೊದಲಿನಿಂದ ಬ್ಯಾಕ್ಟೀರಿಯಾಗಳು ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿವೆ. ಪದಾರ್ಥದ ಹುಟ್ಟಿನಲ್ಲಿ ವಿಷ ಹುಡುಕುವುದು ವ್ಯರ್ಥ.

ಮಣ್ಣಿನ ಮೇಲಿನ ಪರಿಣಾಮಕ್ಕೆ ಬಹಳ ಹಳೆಯ ಸಾಕ್ಷಿಯೊಂದಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಬ್ರಾಡ್‌ಬಾಕ್ ಎಂಬ ಹೊಲವಿದೆ. 1843ರಿಂದ ಅಲ್ಲಿ ಗೋಧಿ ಬೆಳೆಯುತ್ತಿದ್ದಾರೆ. ಕೆಲವು ತುಂಡುಗಳಿಗೆ ಪ್ರತಿವರ್ಷ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಬರೀ ರಸಗೊಬ್ಬರ, ಒಂದಕ್ಕೆ ಏನೂ ಇಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಮೊದಲ ಎರಡರ ಇಳುವರಿ ಹೆಚ್ಚುಕಡಿಮೆ ಸರಿಸಮವಾಗಿಯೇ ಬಂತು. ರಸಗೊಬ್ಬರದ ಮಣ್ಣು ಸಾಯಲಿಲ್ಲ. ಆದರೆ ಕೊಟ್ಟಿಗೆ ಗೊಬ್ಬರದ ತುಂಡಿನಲ್ಲಿ ಸಾವಯವ ಇಂಗಾಲ ಎರಡು ಪಟ್ಟಿಗೂ ಮೀರಿ ಬೆಳೆದು ನಿಂತಿತು. ರಸಗೊಬ್ಬರದ ತುಂಡು ಅಂಥ ಸಂಪತ್ತು ಕೂಡಿಸಲಿಲ್ಲ. ಕಾಂಪೋಸ್ಟ್ ಪಕ್ಷದವರು ಮರೆಯುವ ಇನ್ನೊಂದು ಸಂಗತಿಯೂ ಅಲ್ಲೇ ಸಿಕ್ಕಿತು: ಬೆಳೆಯಿಲ್ಲದ ಕಾಲದಲ್ಲೂ ಕೊಟ್ಟಿಗೆ ಗೊಬ್ಬರ ನೈಟ್ರೇಟನ್ನು ಬಿಡುತ್ತಲೇ ಇರುವುದರಿಂದ, ಆ ತುಂಡಿನಿಂದ ಕೆಳಗಿನ ನೀರಿಗೆ ಸೋರಿಹೋಗುವ ನೈಟ್ರೇಟ್ ಹೆಚ್ಚು.

ಅದೇ ಸಂಸ್ಥೆಯ ಇನ್ನೊಂದು ಪ್ರಯೋಗ, 1856ರಲ್ಲಿ ಶುರುವಾದ ಪಾರ್ಕ್ ಗ್ರಾಸ್ ಹುಲ್ಲುಗಾವಲು, ರಸಗೊಬ್ಬರ ಬೇಡವೆನ್ನುವವರ ಪರ ಸಾಕ್ಷಿ ಹೇಳುತ್ತದೆ. ಸುಣ್ಣ ಕೊಡದೆ ವರ್ಷವರ್ಷವೂ ಅಮೋನಿಯಂ ಸಲ್ಫೇಟ್ ಹಾಕಿದ ತುಂಡುಗಳಲ್ಲಿ ರಸಸಾರ (ಮಣ್ಣಿನ ಹುಳಿಯ ಅಳತೆ pH; ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ಕ್ಕಿಂತ ಕೆಳಗಿಳಿಯಿತು, ಎರೆಹುಳುಗಳು ಮಾಯವಾದವು, ಸತ್ತ ಹುಲ್ಲು ಕೊಳೆಯದೆ ಚಾಪೆಯಂತೆ ಮೇಲೆಯೇ ಉಳಿಯಿತು. ಮಣ್ಣು ಸಾಯುವುದೆಂದರೆ ಹೀಗೆ. ಪಕ್ಕದಲ್ಲೇ ಸೋಡಿಯಂ ನೈಟ್ರೇಟ್ ಹಾಕಿದ ತುಂಡುಗಳು ಹೀಗಾಗಲಿಲ್ಲ. ಅಮೋನಿಯಂ ಮಣ್ಣಿನಲ್ಲಿ ನೈಟ್ರೇಟಾಗಿ ಬದಲಾಗುವಾಗ ಆಮ್ಲ ಬಿಡುಗಡೆಯಾಗುತ್ತದೆ. ಕೊಂದದ್ದು ಆ ಆಮ್ಲ. ಕೊಂಡ ಚೀಲದ ಹೆಸರು ನೋಡದೆ ಇಂಥದನ್ನು ವರ್ಷಾನುಗಟ್ಟಲೆ ಹಾಕುತ್ತ, ಮಣ್ಣಿನ ರಸಸಾರ ಒಮ್ಮೆಯೂ ನೋಡದಿದ್ದರೆ ನಿಮ್ಮ ಪಾತಿಯಲ್ಲೂ ಅದು ನಡೆಯಬಹುದು. ಸಣ್ಣ ಪ್ರಮಾಣದಲ್ಲಿ, ಕಾಂಪೋಸ್ಟ್ ಇರುವ ಮಣ್ಣಿನಲ್ಲಿ, ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸುವವರಿಗೆ ಆ ಭಯವಿಲ್ಲ.

ಹಾಗೆಂದು ಕಾಂಪೋಸ್ಟ್ ಎಷ್ಟು ಹಾಕಿದರೂ ಸರಿಯೇ ಎಂದರೆ, ಅಲ್ಲ. ಮನೆತೋಟಗಾರರು ಈ ಒಂದು ವಿಷಯದಲ್ಲಿ ಕಿವಿಗೊಡುವುದೇ ಇಲ್ಲ, ಆದರೂ ಹೇಳುತ್ತೇನೆ. ಮೇಲಿನ ಅದೇ ಎರಡು ಬಕೆಟ್‌ನಲ್ಲಿ ಸುಮಾರು 20 ಗ್ರಾಂ ರಂಜಕವಿರುತ್ತದೆ. ಬೆಳೆ ಒಂದು ಚದರ ಮೀಟರಿನಿಂದ ಎತ್ತಿಕೊಂಡು ಹೋಗುವುದು ಎರಡು ಮೂರು ಗ್ರಾಂ. ಸಾರಜನಕ ಸೋರಿಹೋಗುತ್ತದೆ, ಗಾಳಿಗೆ ಹಾರಿಹೋಗುತ್ತದೆ. ರಂಜಕ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಸಾರಜನಕ ಸಾಲಲಿಲ್ಲವೆಂದು ವರ್ಷವರ್ಷವೂ ಬಕೆಟ್ ಹೆಚ್ಚಿಸುತ್ತ ಹೋದವರ ಪಾತಿಯಲ್ಲಿ, ಅದರಲ್ಲೂ ಸಗಣಿ ಅಥವಾ ಕೋಳಿಗೊಬ್ಬರದ ಕಾಂಪೋಸ್ಟ್ ಬಳಸುವವರ ಪಾತಿಯಲ್ಲಿ, ಐದಾರು ವರ್ಷಗಳಲ್ಲಿ ರಂಜಕ ಬೆಟ್ಟದಷ್ಟಾಗಿರುತ್ತದೆ. ಅತಿಯಾದ ರಂಜಕ ಕಬ್ಬಿಣ, ಸತುಗಳನ್ನು ಗಿಡಕ್ಕೆ ಸಿಗದಂತೆ ಮಾಡುತ್ತದೆ, ಬೇರಿನೊಂದಿಗೆ ಕೂಡಿ ಬಾಳುವ ಮೈಕೋರೈಝಾ ಶಿಲೀಂಧ್ರವನ್ನು ದೂರ ತಳ್ಳುತ್ತದೆ, ಮಳೆಯಲ್ಲಿ ಕೊಚ್ಚಿಹೋದದ್ದು ಕೆರೆಯ ನೀರಲ್ಲಿ ಪಾಚಿ ಬೆಳೆಸುತ್ತದೆ. ಸಾರಜನಕಕ್ಕಾಗಿ ಕಾಂಪೋಸ್ಟ್ ಸುರಿಯಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಸಾರಜನಕ ಬೇಕಾದಾಗ ಸಾರಜನಕವನ್ನೇ ಕೊಡಿ. ರಸಗೊಬ್ಬರ ಮನಸ್ಸಿಗೆ ಒಗ್ಗದಿದ್ದರೆ ಎಣ್ಣೆ ತೆಗೆದ ಬೀಜದ ಹಿಂಡಿ ಕೊಡಿ, ಇಲ್ಲವೇ ದ್ವಿದಳ ಧಾನ್ಯದ ಬೆಳೆಯನ್ನು ಹೂ ಬಿಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿ.

ಚೀಲದ ಮೇಲಿನ ಮೂರು ಅಂಕಿಗಳ ಬಗ್ಗೆ ಒಂದು ಸಣ್ಣ ಅಡ್ಡಮಾತು. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಆದರೆ ಹಳೆಯ ಕಾಲದ ರಸಾಯನಶಾಸ್ತ್ರಜ್ಞರ ರೂಢಿಯಂತೆ ಹಿಂದಿನ ಎರಡನ್ನು ಆಕ್ಸೈಡ್ ಲೆಕ್ಕದಲ್ಲಿ ಬರೆಯುತ್ತಾರೆ. ನಿಜವಾದ ರಂಜಕ ಬೇಕಿದ್ದರೆ ಎರಡನೆಯ ಅಂಕಿಯನ್ನು 0.44ರಿಂದ, ಪೊಟ್ಯಾಷಿಯಂ ಬೇಕಿದ್ದರೆ ಮೂರನೆಯದನ್ನು 0.83ರಿಂದ ಗುಣಿಸಬೇಕು. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಚೀಲದ ಮೇಲಿನ 18-46-0 ನೋಡಿ ಅರ್ಧದಷ್ಟು ರಂಜಕವೆಂದು ತಿಳಿಯುವವರಿದ್ದಾರೆ. ಕಾಂಪೋಸ್ಟ್ ತುಂಬಿದ ಪಾತಿಗೆ ಅದು ಹೇಗೂ ಬೇಡ.

ಈಗ ನಿಮ್ಮ ಪಾತಿಗೆ ನಾನು ಮಾಡುವುದು ಹೀಗೆ. ಮೊದಲ ಎರಡು ವರ್ಷ ಚದರ ಮೀಟರಿಗೆ ಎರಡು ಬಕೆಟ್ ಕಳಿತ ಕಾಂಪೋಸ್ಟ್ ಸರಿ. ನೀವು ಆ ಹಂತ ದಾಟಿದ್ದೀರಿ. ಇನ್ನು ವರ್ಷಕ್ಕೆ ಚದರ ಮೀಟರಿಗೆ ಅರ್ಧದಿಂದ ಒಂದು ಬಕೆಟ್, ಅಂದರೆ ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್, ಮೇಲೆ ಹರಡಿದರೆ ಸಾಕು. ಅಗೆದು ಬೆರೆಸುವ ಗೋಜು ಬೇಡ, ಎರೆಹುಳುಗಳಿಗೆ ಅದು ಸಂಬಳವಿಲ್ಲದ ಕೆಲಸ. ಸೊಪ್ಪು, ಮೂಲಂಗಿಗಳಿಗೆ ಇಷ್ಟರಲ್ಲೇ ಕಾಲ ಸಾಗಬಹುದು. ಟೊಮ್ಯಾಟೊ, ಬದನೆ, ಕೋಸಿನಂಥ ಹೊಟ್ಟೆಬಾಕ ಗಿಡಗಳಿಗೆ ನೆಟ್ಟ ಮೂರು ನಾಲ್ಕು ವಾರಗಳ ಮೇಲೆ ಚದರ ಮೀಟರಿಗೆ ಎಂಟರಿಂದ ಹತ್ತು ಗ್ರಾಂ ಯೂರಿಯಾ ಮೇಲುಗೊಬ್ಬರ. ಕಾಂಡಕ್ಕೆ ತಾಗದಂತೆ ಒಂದು ಗೇಣು ದೂರದಲ್ಲಿ ಉಂಗುರವಾಗಿ ಹಾಕಿ, ಮಣ್ಣು ಮುಚ್ಚಿ, ಕೂಡಲೇ ನೀರು ಕೊಡಿ. ಬಿಸಿಲಿಗೆ ತೆರೆದಿಟ್ಟರೆ ಸಾಕಷ್ಟು ಪಾಲು ಅಮೋನಿಯಾವಾಗಿ ಹಾರಿಹೋಗುತ್ತದೆ. ಹೂ ಕಚ್ಚಿದ ಮೇಲೆ ಎಲೆಯ ಬಣ್ಣ ನೋಡಿಕೊಂಡು ಬೇಕಿದ್ದರೆ ಇನ್ನೊಮ್ಮೆ. ಕಡುಹಸಿರಾಗಿದ್ದರೆ ಬೇಡ. ಹುರುಳಿಕಾಯಿ, ಬಟಾಣಿಗಳಿಗೆ ಈ ಮೇಲುಗೊಬ್ಬರವೇ ಬೇಡ. ಅವುಗಳ ಬೇರಿನ ಗಂಟುಗಳಲ್ಲಿ ಸ್ವಂತ ಕಾರ್ಖಾನೆಯಿದೆ, ನೀವು ಕೊಟ್ಟರೆ ಅದನ್ನು ಮುಚ್ಚಿಬಿಡುತ್ತವೆ.

ಕುಂಡದ ಲೋಕ ಬೇರೆ. ಅಲ್ಲಿ ಮಣ್ಣು ಕಡಿಮೆ, ದಿನವೂ ಹಾಕುವ ನೀರು ಪೋಷಕಾಂಶಗಳನ್ನು ತೊಳೆದುಕೊಂಡು ಹೋಗುತ್ತದೆ, ಕೊಳೆಸುವ ಜೀವಿಗಳ ಸಂತತಿಯೂ ತೆಳು. ಬರೀ ಕಾಂಪೋಸ್ಟ್ ತುಂಬಿದ ಕುಂಡ ಕೆಲವು ತಿಂಗಳಲ್ಲಿ ಕುಸಿದು, ಒತ್ತಾಗಿ, ಬೇರನ್ನು ಉಸಿರುಗಟ್ಟಿಸುತ್ತದೆ. ಮಿಶ್ರಣದಲ್ಲಿ ಕಾಂಪೋಸ್ಟ್ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಇರಲಿ. ಊಟಕ್ಕೆ ನೀರಿನಲ್ಲಿ ಕರಗುವ ರಸಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂನಂತೆ ಹತ್ತು ಹದಿನೈದು ದಿನಕ್ಕೊಮ್ಮೆ ಕೊಡಿ, ಮಣ್ಣು ಒದ್ದೆಯಿರುವಾಗ ಮಾತ್ರ. ಅಥವಾ ತಿಂಗಳುಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವ, ಲೇಪನವಿರುವ ಹರಳು ಗೊಬ್ಬರ ಹಾಕಿ ಮರೆತುಬಿಡಿ. ಮರೆಗುಳಿಗಳಿಗೂ ಕೈ ಭಾರವಿರುವವರಿಗೂ ಅದೇ ಕ್ಷೇಮ. ಸಾವಯವವನ್ನೇ ನೆಚ್ಚಿಕೊಂಡು ಕುಂಡದಲ್ಲಿ ಟೊಮ್ಯಾಟೊ ಬೆಳೆಯುವವರಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಬೇಕಾದ ಗಮನ, ಅನುಭವ ಎರಡೂ ಹೆಚ್ಚು. ಮನೆತೋಟದಲ್ಲಿ ರಸಗೊಬ್ಬರಕ್ಕೆ ಸಂಶಯವಿಲ್ಲದ ಸ್ಥಾನ ಎಲ್ಲಾದರೂ ಇದ್ದರೆ ಅದು ಕುಂಡದಲ್ಲಿ.

ಸುಟ್ಟ ಕುಂಡಗಳನ್ನು ಹೀಗೆ ನೋಡಿ. ಒಂದು ಗಿಡವನ್ನು ಮೆಲ್ಲಗೆ ಕಿತ್ತು ಬೇರು ಪರೀಕ್ಷಿಸಿ. ಬೆಳ್ಳಗಿನ ತುದಿಗಳು ಇನ್ನೂ ಇದ್ದರೆ ಉಳಿದ ಕುಂಡಗಳಿಗೆ ಕುಂಡದ ಗಾತ್ರದ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ, ತಳದಿಂದ ಪೂರ್ತಿ ಬಸಿದುಹೋಗಲು ಬಿಡಿ. ಹೊಸ ಚಿಗುರು ಬರುವವರೆಗೆ ಯಾವ ಗೊಬ್ಬರವನ್ನೂ ತೋರಿಸಬೇಡಿ. ಬೇರೆಲ್ಲ ಕಂದಾಗಿ ಮೆತ್ತಗಾಗಿದ್ದರೆ ಆ ಗಿಡ ಹೋಯಿತು. ಮಣ್ಣನ್ನು ಎಸೆಯಬೇಡಿ, ಕಾಂಪೋಸ್ಟ್ ರಾಶಿಯಲ್ಲಿರುವ ತರಗೆಲೆಗಳ ಮೇಲೆ ಸುರಿಯಿರಿ. ಅವಕ್ಕೆ ಸಾರಜನಕದ ಬರ, ಈ ಮಣ್ಣಿನಲ್ಲಿ ಅದರ ನೆರೆ.

ಪಾತಿಯ ಆಳೆತ್ತರದ ಗಿಡಗಳಿಗೆ ಎರಡು ತಿಂಗಳು ಏನೂ ಕೊಡಬೇಡಿ. ಬುಡದ ಕಂಕುಳ ಚಿಗುರುಗಳನ್ನು ಚಿವುಟಿ ತೆಗೆಯಿರಿ, ನೀರು ಹದವಾಗಿರಲಿ. ಸಾರಜನಕ ಕರಗುತ್ತ ಬಂದಂತೆ ತಡವಾಗಿಯಾದರೂ ಹೂ ಕಾಣಿಸಬೇಕು. ಬೆಳೆ ತೆಗೆದ ಮರುದಿನವೇ, ಮಣ್ಣು ಖಾಲಿ ಬಿಡದೆ, ಅಲ್ಲಿ ಗೊಬ್ಬರವಿಲ್ಲದೆ ಒಂದು ಸುತ್ತು ಸೊಪ್ಪು ಬಿತ್ತಿ. ಮಣ್ಣಿನಲ್ಲಿ ಉಳಿದ ಯೂರಿಯಾದ ಪಾಲನ್ನು ಎಲೆಯಾಗಿ ಮೇಲಕ್ಕೆತ್ತಿ ಕೊಡಲು ಅದಕ್ಕಿಂತ ಚುರುಕಾದ ಬೆಳೆ ಇಲ್ಲ.